ಹಣೆಯ ತೊಗಲು ಮೂಗಾದ ಬಗೆ

ಬೇಸಗೆಯಲ್ಲಿ ತರೀಕೆರೆಯ ಮಲೆನಾಡಿನ ಅಂಚನ್ನು ಬಿಟ್ಟು ಕಡೂರಿನ ಬಯಲಿಗೆ ಬಂದಿಳಿದರೆ, ಊರು ಬದಲಾದ ಸಂಗತಿ ಮೊದಲು ತಿಳಿಯುವುದು ನಮ್ಮ ಚರ್ಮಕ್ಕೆ. ಹಣೆಯಲ್ಲಿ ಬೆವರು ಮೂಡುತ್ತದೆ. ಗಾಳಿ ಬೀಸಿದರೆ ಅದು ಆರಿ ಮೈ ತಣ್ಣಗಾಗುತ್ತದೆ. ನಮ್ಮ ಅಪ್ಪಣೆಗೆ ಕಾಯದೆ ಹಗಲಿರುಳು ದುಡಿಯುವ ಈ ಅಂಗವನ್ನು ನಾವು ಬರಿಯ ಹೊದಿಕೆಯೆಂದು ಭಾವಿಸಿ ಸುಮ್ಮನಿರುತ್ತೇವೆ. ಅದು ಜೀವಂತ ಅಂಗವೆಂಬುದನ್ನು ದೂರದ ಲಂಡನ್ನಿನ ವೈದ್ಯರಿಗೂ ಮನಗಾಣಿಸಿದ ಒಂದು ಘಟನೆ ಇದೆ. ಅದರ ಮೊದಲ ಅಂಕ ನಡೆದದ್ದು ಮೈಸೂರಿನ ಯುದ್ಧದಲ್ಲಿ. ವಾಚಕರು ಅದನ್ನು ಕೇಳಬೇಕು.

ಅಜ್ಜಂಪುರವೆಂದೊಡನೆ ಅಮೃತಮಹಲ್ ದನಗಳ ನೆನಪಾಗುತ್ತದೆಯಷ್ಟೆ. ಚಿಕ್ಕದೇವರಾಜ ಒಡೆಯರ (1673–1704) ಕಾಲದ ‘ಬೆಣ್ಣೆ ಚಾವಡಿ’ಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎನಿಸಿತು. ಈ ತಳಿಯ ಸಂವರ್ಧನ ಕೇಂದ್ರ ಅಜ್ಜಂಪುರದಲ್ಲಿ 1929ರಲ್ಲಿ ಸ್ಥಾಪನೆಯಾಯಿತು. ಕಾವಲುಗಳಲ್ಲಿ ಮೇದು ಬೆಳೆದ ಈ ಎತ್ತುಗಳು ತೋಪುಗಳನ್ನು ಎಳೆದುದರಿಂದ ಮೈಸೂರಿನ ಸೈನ್ಯ ವೇಗಕ್ಕೆ ಹೆಸರಾಗಿತ್ತು. ಇಂಗ್ಲಿಷರಿಗೆ ಆ ಭಾಗ್ಯವಿರಲಿಲ್ಲ. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದವರೆಗೆ ಬಂದ ಕಾರ್ನ್‌ವಾಲಿಸ್, ಎತ್ತುಗಳು ಸತ್ತು ಬಿದ್ದ ಕಾರಣ, ತನ್ನ ಭಾರಿ ತೋಪುಗಳನ್ನು ತಾನೇ ಹಾಳುಮಾಡಿ ಹಿಂತಿರುಗಬೇಕಾಯಿತು. ಎತ್ತು ಹೊಡೆಯುವವನು ಅಂದಿನ ಯುದ್ಧದಲ್ಲಿ ಸಿಪಾಯಿಯಷ್ಟೇ ಬೇಕಾದವನಾಗಿದ್ದನು.

ಇಂಗ್ಲಿಷ್ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದವರಲ್ಲಿ ಕಾವಸ್‌ಜಿ ಎಂಬ ಮರಾಠಾ ಒಕ್ಕಲಿಗನೊಬ್ಬನು. 1792ರ ಯುದ್ಧದಲ್ಲಿ ಅವನು ಟಿಪ್ಪುವಿನ ಸೆರೆಯಾದನೆಂದೂ, ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತೆಂದೂ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆ 1794ರ ಅಕ್ಟೋಬರಿನಲ್ಲಿ ಅಚ್ಚುಮಾಡಿದ ಕಾಗದವೊಂದು ಹೇಳುತ್ತದೆ. ನಮ್ಮಲ್ಲಿ ಮೂಗೆಂದರೆ ಮಾನ. ಶೂರ್ಪನಖಿಯ ಕಥೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ವರ್ಷಕ್ಕೂ ಮಿಕ್ಕಿ ಆ ಬಡಪಾಯಿ ಮೂಗಿಲ್ಲದ ಮುಖ ಹೊತ್ತು ಬಾಳಿದನು.

ಇಂದು ಕಡೂರು, ಅಜ್ಜಂಪುರಗಳನ್ನು ಹಾದು ಹೋಗುವ ರೈಲುದಾರಿ ಮುಂದೆ ಪುಣೆಯನ್ನು ಮುಟ್ಟುತ್ತದೆ. ಆ ಪುಣೆಯ ಬಳಿಯಲ್ಲಿ ಇಟ್ಟಿಗೆ ಮಾಡುವ ಕುಲದವನೊಬ್ಬನು ಕಾವಸ್‌ಜಿಗೆ ಹೊಸ ಮೂಗನ್ನು ಕಟ್ಟಿಕೊಟ್ಟನು. ಕ್ರೂಸೋ, ಫಿಂಡ್ಲೆ ಎಂಬ ಇಬ್ಬರು ಇಂಗ್ಲಿಷ್ ವೈದ್ಯರು ಅದನ್ನು ಕಣ್ಣಾರೆ ಕಂಡರು. ಮೊದಲು ಮೇಣದ ತೆಳು ಹಾಳೆಯಿಂದ ಮೂಗಿನ ಆಕಾರ ತಿದ್ದಿ, ಅದನ್ನು ಬಿಚ್ಚಿ ಹಣೆಯ ಮೇಲೆ ಹರಡಿ ಗೆರೆ ಎಳೆದನು. ಗೆರೆಯೊಳಗಿನ ಚರ್ಮವನ್ನು ಬಿಡಿಸಿದನು. ಆದರೆ ಎರಡು ಕಣ್ಣುಗಳ ನಡುವೆ ಒಂದು ಕಿರುಪಟ್ಟಿಯನ್ನು ಮಾತ್ರ ಕಡಿಯದೆ ಉಳಿಸಿದನು. ಚರ್ಮವನ್ನು ಕೆಳಕ್ಕೆ ತಿರುಗಿಸಿ ಮೂಗಿನ ಸ್ಥಾನದಲ್ಲಿ ಕೂರಿಸಿ, ನೀರಿನಲ್ಲಿ ಕದಡಿದ ಕಾಚನ್ನು ಬಟ್ಟೆಯ ತುಂಡುಗಳಿಗೆ ಸವರಿ ಪದರ ಪದರವಾಗಿ ಅಂಟಿಸಿದನು. ನಾಲ್ಕು ದಿನಗಳ ಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು 25ನೆಯ ದಿನ ಆ ಕಿರುಪಟ್ಟಿಯನ್ನು ಕತ್ತರಿಸಿದನು. ಮೂಗು ನಿಂತಿತು.

ಆ ಪಟ್ಟಿಯಲ್ಲಿ ಏನಿತ್ತು? ನಮ್ಮ ಚರ್ಮ ಮುಖ್ಯವಾಗಿ ಎರಡು ಪದರ. ಹೊರಚರ್ಮದಲ್ಲಿ ರಕ್ತನಾಳಗಳಿಲ್ಲ, ಅದರ ಮೇಲ್ಭಾಗ ಸತ್ತ ಕಣಗಳ ಹಾಸು, ಸವೆದು ಉದುರುತ್ತ ಅಡಿಯಿಂದ ಹೊಸತಾಗುತ್ತಿರುತ್ತದೆ. ರಕ್ತನಾಳ, ನರ, ಕೂದಲಿನ ಬುಡ, ಎಲ್ಲವೂ ಒಳಚರ್ಮದ ಸಂಸಾರ. ಮೈಯಲ್ಲೆಲ್ಲ ಸೇರಿ 20ರಿಂದ 40 ಲಕ್ಷ ಬೆವರಿನ ಗ್ರಂಥಿಗಳಿವೆ. ಅವು ಸುರುಳಿ ಸುತ್ತಿಕೊಂಡು ಒಳಗಿದ್ದು, ಸಣ್ಣ ನಾಳಗಳಿಂದ ಹೊರಕ್ಕೆ ಬೆವರನ್ನು ಕಳುಹಿಸುತ್ತವೆ. ಚರ್ಮಕ್ಕೆ ಜಿಡ್ಡು ಒದಗಿಸುವ ಮೇದೋಗ್ರಂಥಿಗಳು ಅಂಗೈ ಅಂಗಾಲುಗಳಲ್ಲಿ ಇಲ್ಲವೇ ಇಲ್ಲ. ಹಣೆ ಮೂಗುಗಳಲ್ಲಿ ಹೇರಳ. ಆದುದರಿಂದಲೇ ಹಣೆಯ ತೊಗಲು ಮೂಗಿಗೆ ಬಣ್ಣದಲ್ಲಿಯೂ ಗುಣದಲ್ಲಿಯೂ ಒಪ್ಪುತ್ತದೆ. ಕಣ್ಣುಗಳ ನಡುವೆ ಹಣೆಗೆ ಏರುವ ರಕ್ತನಾಳಗಳು ಆ ಪಟ್ಟಿಯೊಳಗೆ ಹರಿಯುತ್ತಿದ್ದುವು. ಹೊಸ ಜಾಗದಲ್ಲಿ ರಕ್ತದ ಸಂಬಂಧ ಬೆಳೆಯುವ ತನಕ ಹಳೆಯ ಮನೆಯಿಂದಲೇ ಅನ್ನ ಬರುತ್ತಿತ್ತೆನ್ನಿ. ನರದ ನಂಟೂ ಹಾಗೆಯೇ: ಇಂತಹ ಮೂಗನ್ನು ಮೊದಮೊದಲು ಮುಟ್ಟಿದರೆ ಹಣೆಯನ್ನು ಮುಟ್ಟಿದಂತೆ ತೋರುತ್ತದೆ. ಇನ್ನು ಕಾಚಿನ ಒಗರು ನಮ್ಮ ಬಯಲುಸೀಮೆಯಲ್ಲಿ ತೊಗಲು ಹದಮಾಡುವ ತಂಗಡಿ ತೊಗಟೆಯ ಒಗರಿನ ಜಾತಿಯದೇ.

ಇದು ಆ ಇಟ್ಟಿಗೆಯವನು ಹೊಸದಾಗಿ ಕಂಡುಹಿಡಿದುದೇನೂ ಅಲ್ಲ. ಸುಶ್ರುತ ಸಂಹಿತೆಯಲ್ಲಿ ಮೂಗಿನ ಅಳತೆಗೆ ಎಲೆ ಕತ್ತರಿಸಿ, ಕೆನ್ನೆಯ ಚರ್ಮದಿಂದ ಮೂಗನ್ನು ಕೂಡಿಸುವ ವಿಧಾನವಿದೆ. ಕಾಯುವ ಹಾಲಿನ ಮೇಲೆ ಕೆನೆ ಕಟ್ಟುವಂತೆ ಚರ್ಮ ಉಂಟಾಗುತ್ತದೆಂದೂ, ಅವಭಾಸಿನಿ ಮೊದಲಾದ ಏಳು ಪದರಗಳಿವೆಯೆಂದೂ, ಮೊದಲನೆಯದರ ದಪ್ಪ ಭತ್ತದ ಕಾಳಿನ ಹದಿನೆಂಟರಲ್ಲೊಂದು ಭಾಗವೆಂದೂ ಅಲ್ಲಿ ಹೇಳಿದೆ. ವಿದ್ಯಾರ್ಥಿದೆಸೆಯಲ್ಲಿ ಈ ಏಳು ಹೆಸರುಗಳನ್ನು ನಾನೂ ಬಾಯಿಪಾಠ ಮಾಡಿದವನೇ. ಇವುಗಳಲ್ಲಿ ಜೀವವಿರುವುದು ಯಾವುದರಲ್ಲಿ ಎಂದು ಗುರುಗಳನ್ನು ಕೇಳಬೇಕೆಂದು ತೋಚಲಿಲ್ಲ. ನಾವು ಹೆಸರನ್ನು ಉಳಿಸಿಕೊಂಡೆವು. ಅವನು ಕೆಲಸವನ್ನು ಉಳಿಸಿಕೊಂಡನು.

ಆ ಕಾಗದವನ್ನು ಓದಿದ ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ, ಶವಗಳ ಮೇಲೆ ಅಭ್ಯಾಸಮಾಡಿ, 1814ರಲ್ಲಿ ಸೈನ್ಯಾಧಿಕಾರಿಯೊಬ್ಬನಿಗೆ ಇದೇ ರೀತಿಯಲ್ಲಿ ಮೂಗನ್ನು ಕಟ್ಟಿದನು; 1816ರಲ್ಲಿ ಅದನ್ನು ಕುರಿತು ಗ್ರಂಥವನ್ನೂ ಪ್ರಕಟಿಸಿದನು. ಯುರೋಪಿನಲ್ಲಿ ಈ ವಿದ್ಯೆ ಮತ್ತೆ ಚಿಗುರಿತು. ಹಣೆಯ ಚರ್ಮದಿಂದ ಮೂಗು ತಿದ್ದುವ ಕ್ರಮ ಇಂದಿನ ಆಸ್ಪತ್ರೆಗಳಲ್ಲಿಯೂ ಉಂಟು.

ಲಂಡನ್ನಿನ ವೈದ್ಯನ ಹೆಸರು ಗ್ರಂಥದಲ್ಲಿ ನಿಂತಿತು. ಎತ್ತಿನವನ ಹೆಸರೂ ಹೇಗೋ ಉಳಿಯಿತು. ಮೂಗನ್ನು ಕಟ್ಟಿದವನ ಕುಲವನ್ನು ಬರೆದ ಆ ಕಾಗದ ಅವನ ಹೆಸರನ್ನು ಮಾತ್ರ ಬರೆಯಲಿಲ್ಲ. ಮುಂದೆ ಬಿಸಿಲಿನಲ್ಲಿ ನಡೆದು ಬಂದು ಹಣೆಯ ಬೆವರನ್ನು ಒರಸಿಕೊಳ್ಳುವಾಗ, ಹುಬ್ಬುಗಳ ನಡುವಿನ ಆ ಬೆರಳಗಲದ ಜಾಗವನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳಿ. ಅದನ್ನು ಕಡಿಯಬಾರದೆಂದು ಅರಿತಿದ್ದವನು ಒಬ್ಬ ಇಟ್ಟಿಗೆ ಮಾಡುವವನು.