ಸಾಲಿಡ್ ಆಕ್ಸಲ್ ಮತ್ತು ಸ್ವತಂತ್ರ ಸಸ್ಪೆನ್ಷನ್: ಲ್ಯಾಂಡ್ ಕ್ರೂಸರ್ 100 ಹಾಗೂ 105ರ ಸಾಕ್ಷ್ಯ ಎಷ್ಟು ದೂರ ಬರುತ್ತದೆ

1. ವ್ಯಾಪ್ತಿ

ದಾರಿಯಿಲ್ಲದ ಕಡೆ ಓಡುವ ಫೋರ್‌ವೀಲ್ ಡ್ರೈವ್ ಗಾಡಿಗಳ ಮುಂಭಾಗಕ್ಕೆ ಯಾವ ಸಸ್ಪೆನ್ಷನ್ ತಕ್ಕದ್ದು ಎಂಬ ಚರ್ಚೆಯಲ್ಲಿ ಒಂದು ಸೂತ್ರ ಮತ್ತೆ ಮತ್ತೆ ಬರುತ್ತದೆ: ಭಾರಕ್ಕೂ ಕಲ್ಲುದಾರಿಗೂ ಸಾಲಿಡ್ ಆಕ್ಸಲ್, ಹೆದ್ದಾರಿಗೂ ಸುಖಪ್ರಯಾಣಕ್ಕೂ ಸ್ವತಂತ್ರ ಸಸ್ಪೆನ್ಷನ್. ತಯಾರಿಕೆಯ ಇತಿಹಾಸ ಈ ಸೂತ್ರವನ್ನು ಎಷ್ಟರಮಟ್ಟಿಗೆ ಸಮರ್ಥಿಸುತ್ತದೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಎಡಬಲ ಚಕ್ರಗಳೆರಡನ್ನೂ ಒಂದೇ ಗಟ್ಟಿ ಹೌಸಿಂಗ್ ಹಿಡಿದಿದ್ದು, ಡಿಫರೆನ್ಷಿಯಲ್ ಅದರೊಳಗೇ ಇದ್ದರೆ ಅದನ್ನು ಸಾಲಿಡ್ ಆಕ್ಸಲ್ ಎಂದು ಪರಿಗಣಿಸಿದೆ. ಡಿಫರೆನ್ಷಿಯಲ್ ಚಾಸಿಗೆ ಬಿಗಿದಿದ್ದು, ಪ್ರತಿ ಚಕ್ರವೂ ತನ್ನದೇ ತೋಳುಗಳ ಮೇಲೆ ಏರಿಳಿದರೆ ಅದು ಸ್ವತಂತ್ರ.

2. ಜೋಡಿ ಮಾದರಿ

ಟೊಯೋಟಾ ಲ್ಯಾಂಡ್ ಕ್ರೂಸರ್ 80 ಸರಣಿ 1989ರ ಅಕ್ಟೋಬರ್‌ನಲ್ಲಿ ಟೋಕಿಯೊ ಪ್ರದರ್ಶನದಲ್ಲಿ ಕಾಣಿಸಿಕೊಂಡು 1990ರ ಜನವರಿಯಲ್ಲಿ ಮಾರಾಟಕ್ಕೆ ಬಂತು. ಅದರ ಮುಂದಿನ ಸಾಲಿಡ್ ಆಕ್ಸಲ್‌ಗೆ ಕಾಯಿಲ್ ಸ್ಪ್ರಿಂಗ್, ಎರಡು ಉದ್ದ ತೋಳು, ಒಂದು ಪ್ಯಾನ್‌ಹಾರ್ಡ್ ರಾಡ್ ಇದ್ದವು. 1998ರ ಜನವರಿಯಲ್ಲಿ ಮಾರಾಟಕ್ಕೆ ಬಂದ 100 ಸರಣಿಯ ಮುಂಭಾಗ ಡಬಲ್ ವಿಶ್‌ಬೋನ್ ಮತ್ತು ಟಾರ್ಷನ್ ಬಾರ್‌ಗೆ ಬದಲಾಯಿತು.

ಅದೇ ಅವಧಿಯಲ್ಲಿ ಆಸ್ಟ್ರೇಲಿಯಾ, ಆಫ್ರಿಕಾ ಮೊದಲಾದ ಮಾರುಕಟ್ಟೆಗಳಿಗೆ, ಹೊರನೋಟಕ್ಕೆ ಬಹುಪಾಲು ಅದೇ ಬಾಡಿಯ ಕೆಳಗೆ ಸಾಲಿಡ್ ಆಕ್ಸಲ್ ಉಳಿಸಿಕೊಂಡ 105 ಸರಣಿಯೂ ತಯಾರಾಗುತ್ತಿತ್ತು. ಎರಡರ ವೀಲ್‌ಬೇಸ್ 2,850 ಮಿ.ಮೀ. ಎರಡರ ಹಿಂಭಾಗದಲ್ಲೂ ಕಾಯಿಲ್ ಸ್ಪ್ರಿಂಗಿನ ಸಾಲಿಡ್ ಆಕ್ಸಲ್. ಒಂದೇ ತಯಾರಕ ಒಂದೇ ಬಾಡಿಗೆ, ಒಂದೇ ವರ್ಷಗಳಲ್ಲಿ, ಎರಡೂ ಬಗೆಯ ಮುಂಭಾಗ ಕೊಟ್ಟ ನಿದರ್ಶನ ವಿರಳ. ಹೀಗಾಗಿ ಈ ಜೋಡಿಯನ್ನು ತಯಾರಾಗಿ ಸಿಕ್ಕ ಪ್ರಯೋಗವೆಂದು ಬಗೆಯುವ ಪ್ರಲೋಭನೆ ಸಹಜ.

ಅದಕ್ಕೆ ಅಡ್ಡಿಗಳಿವೆ. 105ರಲ್ಲಿ ಸಾಮಾನ್ಯವಾಗಿ ಇದ್ದದ್ದು ಟರ್ಬೊ ಇಲ್ಲದ 4,164 ಸಿ.ಸಿ. ಡೀಸೆಲ್ ಅಥವಾ 4,477 ಸಿ.ಸಿ. ಪೆಟ್ರೋಲ್, ಎರಡೂ ಆರು ಸಿಲಿಂಡರಿನವು. 100ರಲ್ಲಿ ಹೆಚ್ಚಾಗಿ 4.7 ಲೀಟರಿನ ವಿ8 ಪೆಟ್ರೋಲ್ ಅಥವಾ 4.2 ಲೀಟರಿನ ಟರ್ಬೊ ಡೀಸೆಲ್. ಸ್ಟಿಯರಿಂಗ್ 100ರಲ್ಲಿ ರ‍್ಯಾಕ್ ಅಂಡ್ ಪಿನಿಯನ್, 105ರಲ್ಲಿ ಹಳೆಯ ಬಗೆಯ ರೀಸರ್ಕ್ಯುಲೇಟಿಂಗ್ ಬಾಲ್ ಬಾಕ್ಸ್. ಕೊಳ್ಳುವವರೂ ಬೇರೆ, ಗಾಡಿಗೆ ಬೀಳುವ ದುಡಿತವೂ ಬೇರೆ. ಆದ್ದರಿಂದ '105 ಹೆಚ್ಚು ಬಾಳಿಕೆ ಬಂತು' ಎಂಬ ಹೇಳಿಕೆ ನಿಜವೇ ಆಗಿದ್ದರೂ ಅದನ್ನು ಆಕ್ಸಲ್ ಒಂದರ ಖಾತೆಗೇ ಬರೆಯಲಾಗದು. 100 ಹೆದ್ದಾರಿಯಲ್ಲಿ ನೆಟ್ಟಗೆ ಓಡುತ್ತದೆ ಎಂಬ ಮಾತಿನಲ್ಲೂ ರ‍್ಯಾಕ್ ಸ್ಟಿಯರಿಂಗಿನ ಪಾಲು ಎಷ್ಟು, ವಿಶ್‌ಬೋನ್‌ನ ಪಾಲು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ.

3. ನೆಲದಿಂದ ಎತ್ತರ

ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿ. ಸಾಲಿಡ್ ಆಕ್ಸಲ್‌ನಲ್ಲಿ ಡಿಫರೆನ್ಷಿಯಲ್ ಹೌಸಿಂಗಿನ ಕೆಳಗಿನ ಜಾಗವನ್ನು ನಿರ್ಧರಿಸುವುದು ಟೈರಿನ ತ್ರಿಜ್ಯ ಮತ್ತು ಹೌಸಿಂಗಿನ ಗಾತ್ರ. ಎರಡು ಚಕ್ರಗಳೂ ಸಮ ನೆಲದ ಮೇಲಿರುವಾಗ ಸ್ಪ್ರಿಂಗ್ ಎಷ್ಟೇ ಕುಗ್ಗಿದರೂ, ಟೈರು ಅದುಮಿದಷ್ಟನ್ನು ಬಿಟ್ಟರೆ, ಆ ಅಳತೆ ಬದಲಾಗದು. ಸ್ವತಂತ್ರ ವ್ಯವಸ್ಥೆಯಲ್ಲಿ ಡಿಫರೆನ್ಷಿಯಲ್ ಚಾಸಿಯ ಜೊತೆಗೇ ಇಳಿಯುತ್ತದೆ. ಸಾಮಾನು ಹೇರಿ, ಇಳಿಜಾರಿನಲ್ಲಿ ಬ್ರೇಕ್ ಹಾಕಿ ಮುಂಭಾಗ 50 ಮಿ.ಮೀ. ಕುಸಿದರೆ ಅಡಿಯ ಜಾಗವೂ ಹೆಚ್ಚುಕಡಿಮೆ ಅಷ್ಟೇ ಕಡಿಮೆಯಾಗುತ್ತದೆ. ನಿಂತ ಗಾಡಿಯಲ್ಲಿ ಅಳೆದಾಗ ಸ್ವತಂತ್ರ ವ್ಯವಸ್ಥೆಗೆ ಕಾಣುವ ಮೇಲುಗೈ ಓಡುವಾಗಲೂ ಹಾಗೆಯೇ ಉಳಿಯಬೇಕೆಂದಿಲ್ಲ.

ಟೈರಿನ ಪರಿಣಾಮವನ್ನು ಲೆಕ್ಕ ಹಾಕಬಹುದು. 275/70 ಆರ್ 16 ಟೈರಿನ ನಾಮಮಾತ್ರ ವ್ಯಾಸ 791.4 ಮಿ.ಮೀ., 285/75 ಆರ್ 16ರದು 833.9 ಮಿ.ಮೀ. ವ್ಯತ್ಯಾಸ 42.5, ಆಕ್ಸಲ್ ಏರುವುದು ಅದರ ಅರ್ಧ, 21 ಮಿ.ಮೀ.ಗೆ ತುಸು ಹೆಚ್ಚು. ಭಾರ ಬಿದ್ದಾಗಿನ ತ್ರಿಜ್ಯ ಇದಕ್ಕಿಂತ ಕಡಿಮೆ ಇರುವುದರಿಂದ ಈ ಅಂಕಿಯನ್ನು ಮೇಲ್ಮಿತಿಯ ಅಂದಾಜೆಂದೇ ತೆಗೆದುಕೊಳ್ಳಬೇಕು. ಸ್ಪ್ರಿಂಗ್ ಎತ್ತರಿಸುವ ಲಿಫ್ಟ್ ಕಿಟ್ ಸಾಲಿಡ್ ಆಕ್ಸಲ್‌ನ ಹೌಸಿಂಗ್ ಅಡಿಯ ಜಾಗವನ್ನು ಒಂದು ಮಿ.ಮೀ. ಕೂಡ ಹೆಚ್ಚಿಸದು. ಇದು ಗೊತ್ತಿರುವವರ ಬರಹಗಳಲ್ಲೂ ಆಗಾಗ ತಪ್ಪಿಹೋಗುವ ಅಂಶ.

ಕಂಪನಿಯ ಕೈಪಿಡಿಯಲ್ಲಿ ಬರುವ 'ಗ್ರೌಂಡ್ ಕ್ಲಿಯರೆನ್ಸ್' ಸಾಮಾನ್ಯವಾಗಿ ಇಡೀ ಗಾಡಿಯ ಅತಿ ತಗ್ಗಿನ ಬಿಂದುವಿನದು. 100 ಮತ್ತು 105 ಎರಡರಲ್ಲೂ ಹಿಂದೆ ಸಾಲಿಡ್ ಆಕ್ಸಲ್ ಇರುವ ಕಾರಣ ಆ ಬಿಂದು ಹಿಂದಿನ ಹೌಸಿಂಗಿನದೇ ಆಗಿರುವ ಸಾಧ್ಯತೆ ಇದೆ. ಹಾಗಿದ್ದಲ್ಲಿ ಆ ಅಂಕಿ ಮುಂಭಾಗದ ಬಗ್ಗೆ ಏನನ್ನೂ ಹೇಳುವುದಿಲ್ಲ.

4. ಚಕ್ರದ ಏರಿಳಿತ

ಸಾಲಿಡ್ ಆಕ್ಸಲ್‌ನ ಒಂದು ತುದಿ ಬಂಡೆಯ ಮೇಲೆ ಏರಿದಾಗ ಇನ್ನೊಂದು ತುದಿ ಏತದ ಮರದಂತೆ ಕೆಳಕ್ಕೆ ಒತ್ತುತ್ತದೆ. ಎರಡು ಟೈರುಗಳ ಮೇಲಿನ ಭಾರ ತಕ್ಕಮಟ್ಟಿಗೆ ಹತ್ತಿರವಿರುತ್ತದೆ. ಸ್ವತಂತ್ರ ವ್ಯವಸ್ಥೆಯಲ್ಲಿ ಈ ಕೊಡುಕೊಳ್ಳುವಿಕೆ ಇಲ್ಲ. ಆ್ಯಂಟಿ ರೋಲ್ ಬಾರ್ ಅಂತೂ ಏರಿದ ಚಕ್ರದ ಜೊತೆ ಇನ್ನೊಂದನ್ನೂ ಮೇಲಕ್ಕೆ ಎಳೆಯುತ್ತದೆ, ಸಾಲಿಡ್ ಆಕ್ಸಲ್‌ನ ಏರಿಳಿತವನ್ನೂ ಅದೇ ಕಟ್ಟಿಹಾಕುತ್ತದೆ. ಸಾಲಿಡ್ ಆಕ್ಸಲ್‌ನ ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ನಲ್ಲೂ, 2021ರ ಸ್ವತಂತ್ರ ಮುಂಭಾಗದ ಫೋರ್ಡ್ ಬ್ರಾಂಕೊದ ಕೆಲವು ಆವೃತ್ತಿಗಳಲ್ಲೂ ಆ ಬಾರ್ ಅನ್ನು ಸ್ವಿಚ್ ಒತ್ತಿ ಬಿಡಿಸುವ ಏರ್ಪಾಡು ಇರುವುದು ಇದೇ ಕಾರಣಕ್ಕೆ.

ಇದನ್ನು ಅಳೆಯುವ ರೂಢಿಯ ವಿಧಾನ ರ‍್ಯಾಂಪ್ ಸೂಚ್ಯಂಕ. ಸಾಮಾನ್ಯವಾಗಿ 20 ಡಿಗ್ರಿ ಇಳಿಜಾರಿನ ಹಲಗೆಯ ಮೇಲೆ ಒಂದು ಮುಂಚಕ್ರವನ್ನು, ಬೇರೊಂದು ಚಕ್ರ ನೆಲ ಬಿಡುವವರೆಗೆ ಹತ್ತಿಸಿ, ಏರಿದ ದೂರವನ್ನು ವೀಲ್‌ಬೇಸ್‌ನಿಂದ ಭಾಗಿಸಿ 1,000ದಿಂದ ಗುಣಿಸುತ್ತಾರೆ. 2,850 ಮಿ.ಮೀ. ವೀಲ್‌ಬೇಸ್‌ನ ಗಾಡಿ 1,425 ಮಿ.ಮೀ. ಏರಿದರೆ ಸೂಚ್ಯಂಕ 500. ಹಲಗೆಯ ಕೋನ, ಬಾರ್ ಬಿಡಿಸಿತ್ತೇ ಎಂಬುದು, ಟೈರಿನ ಗಾಳಿ ಇವನ್ನು ದಾಖಲಿಸದ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವುದು ಸಾಧುವಲ್ಲ. ಈ ಸೂಚ್ಯಂಕ ಇಡೀ ಗಾಡಿಯದು. ಅದರಲ್ಲಿ ಹಿಂದಿನ ಆಕ್ಸಲ್‌ನ ಪಾಲು ಕೆಲವೊಮ್ಮೆ ಮುಂದಿನದಕ್ಕಿಂತ ದೊಡ್ಡದಿರಬಹುದು.

5. ಚಕ್ರದ ಹಿಂಬದಿ

105ರ ಮುಂಚಕ್ರವನ್ನು ಪೂರ್ತಿ ತಿರುಗಿಸಿ ಹಿಂದಿನಿಂದ ನೋಡಿದರೆ ನುಣುಪಾದ ಅರ್ಧಗೋಳದ ಉಕ್ಕಿನ ಚಿಪ್ಪು ಕಾಣುತ್ತದೆ. ಜಾಯಿಂಟ್ ಅದರೊಳಗೆ ಗ್ರೀಸಿನಲ್ಲಿ ಮುಳುಗಿರುತ್ತದೆ. ಹೊರಗೆ ಒಂದು ಫೆಲ್ಟ್ ಪಟ್ಟಿ ಚಿಪ್ಪಿನ ಮೇಲಿನ ಕೆಸರನ್ನು ಒರೆಸುತ್ತದೆ. ಒಳಗಿನ ಆಯಿಲ್ ಸೀಲ್ ಸೋತಾಗ ಡಿಫರೆನ್ಷಿಯಲ್ ಎಣ್ಣೆ ಗ್ರೀಸಿಗೆ ಬೆರೆತು, ಕಪ್ಪು ಗಸಿಯಾಗಿ ಚಿಪ್ಪಿನ ಕೆಳಗೆ ಇಳಿಯುತ್ತದೆ. ಹಾಳಾಗುವುದು ನಿಧಾನ, ಕಣ್ಣಿಗೆ ಬೀಳುವುದು ಬೇಗ. 100ರಲ್ಲಿ ಅದೇ ಜಾಗದಲ್ಲಿ ರಬ್ಬರ್ ಬೂಟ್ ಇದೆ. ಅದು ಹರಿದರೆ ಗ್ರೀಸ್ ಹೊರಗೆ, ಮರಳು ಒಳಗೆ. ಗಮನಿಸದೆ ಓಡಿಸಿದರೆ ಜಾಯಿಂಟ್ ಸವೆಯುವುದು ಹೆಚ್ಚು ಹೊತ್ತಿನ ಕೆಲಸವಲ್ಲ. ಆದರೆ ಬೂಟ್ ಬದಲಾಯಿಸುವ ಕೆಲಸ, 105ರ ಇಡೀ ನಕಲ್ ಬಿಚ್ಚಿ ಸೀಲ್ ಕೂರಿಸುವುದಕ್ಕೆ ಹೋಲಿಸಿದರೆ, ಸಾಮಾನ್ಯವಾಗಿ ಹಗುರ.

ಸಾಲಿಡ್ ಆಕ್ಸಲ್‌ನಲ್ಲಿ ಜಾಯಿಂಟಿನ ಕೋನ ಬದಲಾಗುವುದು ಸ್ಟಿಯರಿಂಗ್ ತಿರುಗಿಸಿದಾಗ ಮಾತ್ರ. ಸ್ವತಂತ್ರ ವ್ಯವಸ್ಥೆಯಲ್ಲಿ ಚಕ್ರ ಏರಿಳಿದಾಗಲೂ ಬದಲಾಗುತ್ತದೆ. ಲಿಫ್ಟ್ ಮಾಡಿದ ಗಾಡಿಗಳಲ್ಲಿ ಡಿಫರೆನ್ಷಿಯಲನ್ನು ಕೆಳಗಿಳಿಸುವ ಬ್ರಾಕೆಟ್ ಹಾಕುವುದು ಈ ಕೋನವನ್ನು ತಗ್ಗಿಸಲಿಕ್ಕೆ. ಎತ್ತರಕ್ಕಾಗಿ ಮಾಡಿದ ಖರ್ಚಿನ ಒಂದಂಶ ಹೀಗೆ ಅಲ್ಲೇ ಮರಳಿ ಹೋಗುತ್ತದೆ.

6. ಸೂತ್ರಕ್ಕೆ ಹೊಂದದ ನಿದರ್ಶನಗಳು

(ಅ) ಫೋರ್ಡ್ ತನ್ನ ಫೋರ್‌ವೀಲ್ ಪಿಕಪ್‌ಗಳಿಗೆ 1980ರ ಮಾಡೆಲ್‌ನಿಂದ ಟ್ವಿನ್ ಟ್ರ್ಯಾಕ್ಷನ್ ಬೀಮ್ ಎಂಬ, ಆಕ್ಸಲನ್ನು ಎರಡು ತುಂಡು ಮಾಡಿ ತಿರುಗುಗೂಟಕ್ಕೆ ಕಟ್ಟಿದ, ಸ್ವತಂತ್ರ ವ್ಯವಸ್ಥೆಯನ್ನು ತಂದಿತು. ಭಾರದ ಎಫ್-250ಯಲ್ಲೂ ಅದು 1990ರ ದಶಕದ ಉತ್ತರಾರ್ಧದವರೆಗೆ ಇತ್ತು. 1999ರ ಮಾಡೆಲ್‌ನ ಸೂಪರ್ ಡ್ಯೂಟಿಯಲ್ಲಿ ಒಂದೇ ತುಂಡಿನ ಆಕ್ಸಲ್ ಮರಳಿತು. ಬದಲಾವಣೆ ಯಾವಾಗಲೂ ಸಾಲಿಡ್‌ನಿಂದ ಸ್ವತಂತ್ರದ ಕಡೆಗೇ ಎಂಬ ಗ್ರಹಿಕೆಗೆ ಇದು ವಿರುದ್ಧ.

(ಆ) ಅದೇ ವರ್ಗದಲ್ಲಿ ಜನರಲ್ ಮೋಟಾರ್ಸ್ 1988ರ ಮಾಡೆಲ್‌ನಿಂದ ಟಾರ್ಷನ್ ಬಾರ್‌ನ ಸ್ವತಂತ್ರ ಮುಂಭಾಗ ತಂದು, ಭಾರದ ಪಿಕಪ್‌ಗಳಲ್ಲೂ ಅದನ್ನೇ ಉಳಿಸಿಕೊಂಡಿದೆ. ರ‍್ಯಾಮ್‌ನ 2500 ಮತ್ತು 3500 ಸಾಲಿಡ್ ಆಕ್ಸಲ್‌ನಲ್ಲಿವೆ. ಒಂದೇ ಬಗೆಯ ಭಾರ, ಒಂದೇ ಮಾರುಕಟ್ಟೆ, ಎರಡು ಉತ್ತರ.

(ಇ) ಎಲ್ಲಕ್ಕಿಂತ ಪ್ರಬಲವಾದದ್ದು ಟಾಟ್ರಾ. ಹಾನ್ಸ್ ಲೆಡ್ವಿಂಕಾ 1923ರ ಟಾಟ್ರಾ 11 ಕಾರಿನಲ್ಲಿ ಅಳವಡಿಸಿದ ನಡುಕೊಳವೆಯ ಚಾಸಿ ಮತ್ತು ತೂಗಾಡುವ ಅರ್ಧ-ಆಕ್ಸಲ್‌ಗಳೇ ಇಂದಿನ ಬಹುಚಕ್ರದ ಭಾರಿ ಟ್ರಕ್ಕುಗಳವರೆಗೂ ಮುಂದುವರಿದಿವೆ. ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ಬಿಇಎಂಎಲ್ 1986ರ ಒಪ್ಪಂದದ ನಂತರ ಸೇನೆಗೆ ಇವನ್ನು ಒದಗಿಸಿದೆ. ಪಿನಾಕ ರಾಕೆಟ್ ಉಡಾವಕ ನಿಂತಿರುವುದು ಎಂಟು ಚಕ್ರದ ಟಾಟ್ರಾ ಮೇಲೆ. ಅರ್ಧ-ಆಕ್ಸಲ್ ವಿಶ್‌ಬೋನ್‌ಗೆ ಸಮವಲ್ಲ, ಚಕ್ರದ ವಾಲು ಅದರಲ್ಲಿ ಹೆಚ್ಚು ಬದಲಾಗುತ್ತದೆ. ಅಷ್ಟು ಹೇಳಿದ ಮೇಲೂ, ಭಾರ ಹೊರಲು ಸಾಲಿಡ್ ಆಕ್ಸಲ್ ಅನಿವಾರ್ಯ ಎಂಬ ಮಾತು ಈ ಟ್ರಕ್ಕಿನ ಎದುರು ನಿಲ್ಲದು.

7. ಇಸವಿಗಳ ವ್ಯತ್ಯಾಸ

ಅಮೆರಿಕದಲ್ಲಿ ಮಾರಾಟವಾದ ಟೊಯೋಟಾ ಪಿಕಪ್ ಸಾಲಿಡ್ ಆಕ್ಸಲ್ ಬಿಟ್ಟದ್ದು 1985ರಲ್ಲಿ ಎಂದೂ 1986ರಲ್ಲಿ ಎಂದೂ ಬರೆದಿರುವುದು ಕಾಣುತ್ತದೆ. 1985 ಕೊನೆಯ ಸಾಲಿಡ್ ಮಾಡೆಲ್ ವರ್ಷ, 1986 ಮೊದಲ ಸ್ವತಂತ್ರ ಮಾಡೆಲ್ ವರ್ಷ. ಅಲ್ಲಿನ ಮಾಡೆಲ್ ವರ್ಷ ಕ್ಯಾಲೆಂಡರಿಗಿಂತ ಕೆಲವು ತಿಂಗಳು ಮೊದಲೇ ಶುರುವಾಗುವುದರಿಂದ ಎರಡೂ ಸಮರ್ಥನೀಯ. ಸೂಪರ್ ಡ್ಯೂಟಿಯ 1998 ಮತ್ತು 1999ರ ಗೊಂದಲಕ್ಕೂ ಇದೇ ವಿವರಣೆ ಸಾಕು.

ಲ್ಯಾಂಡ್ ಕ್ರೂಸರ್ 70ಕ್ಕೆ ಮುಂದೆ ಕಾಯಿಲ್ ಬಂದದ್ದು 1985ರಲ್ಲೋ 1999ರಲ್ಲೋ ಎಂಬುದು ಬೇರೆ ಬಗೆಯ ವ್ಯತ್ಯಾಸ. ಪ್ರಾಡೊ ಕವಲಿಗೆ ಮೂಲವಾದ ಹಗುರ ಮಾದರಿಗೆ 1985ರಲ್ಲಿ. ಅಲ್ಲಿಯವರೆಗೆ ಲೀಫ್ ಸ್ಪ್ರಿಂಗಿನ ಮೇಲಿದ್ದ ಭಾರದ ಮಾದರಿಗೆ 1999ರಲ್ಲಿ. ಎರಡರಲ್ಲೂ ಆಕ್ಸಲ್ ಸಾಲಿಡ್ಡೇ ಆಗಿತ್ತು. ಕಾಯಿಲ್ ಕಂಡಕೂಡಲೇ ಸ್ವತಂತ್ರ ಎಂದು ವರ್ಗೀಕರಿಸುವ ತಪ್ಪು ಇಲ್ಲಿ ನುಸುಳುತ್ತದೆ.

8. ಭಾರತದ ಮಾದರಿಗಳು

1985ರ ಡಿಸೆಂಬರಿನ ಮಾರುತಿ ಜಿಪ್ಸಿಗೆ ಹಿಂದೆಮುಂದೆ ಲೀಫ್ ಸ್ಪ್ರಿಂಗಿನ ಸಾಲಿಡ್ ಆಕ್ಸಲ್. ಕೊಡಗಿನ ತೋಟಗಳಲ್ಲಿ ಇನ್ನೂ ದುಡಿಯುವ ಹಳೆಯ ಮಹೀಂದ್ರಾ ಜೀಪುಗಳದ್ದೂ ಅದೇ. ಮಹೀಂದ್ರಾ ಥಾರ್ 2010ರಲ್ಲಿ ಟಾರ್ಷನ್ ಬಾರ್‌ನ ಸ್ವತಂತ್ರ ಮುಂಭಾಗ ಪಡೆದು, 2020ರಲ್ಲಿ ಕಾಯಿಲ್‌ಗೆ ಬದಲಾಯಿತು. ಫೋರ್ಸ್ ಗೂರ್ಖಾ 2021ರಲ್ಲಿ ಸಾಲಿಡ್ ಬಿಟ್ಟು ಡಬಲ್ ವಿಶ್‌ಬೋನ್‌ಗೆ ಹೋಯಿತು. 2023ರ ಜೂನ್‌ನಲ್ಲಿ ಇಲ್ಲಿ ಬಿಡುಗಡೆಯಾದ ಐದು ಬಾಗಿಲಿನ ಜಿಮ್ನಿ ಎರಡೂ ಕಡೆ ಸಾಲಿಡ್.

ಥಾರ್ ಮತ್ತು ಜಿಮ್ನಿಗಳನ್ನು ಜೋಡಿಯಾಗಿ ಪರೀಕ್ಷಿಸುವುದಾದರೆ ಲ್ಯಾಂಡ್ ಕ್ರೂಸರ್ ಜೋಡಿಗಿದ್ದ ತೊಡಕು ಇನ್ನಷ್ಟು ಹೆಚ್ಚು: ಥಾರ್ ಗಣನೀಯವಾಗಿ ಭಾರ, ವೀಲ್‌ಬೇಸ್ ಮೂರು ಬಾಗಿಲಿನ ಥಾರ್‌ನಲ್ಲಿ 2,450 ಮಿ.ಮೀ., ಜಿಮ್ನಿಯಲ್ಲಿ 2,590. ಆದ್ದರಿಂದ ಕನಿಷ್ಠಪಕ್ಷ ಇಷ್ಟನ್ನು ದಾಖಲಿಸಬೇಕಾಗುತ್ತದೆ: ಪ್ರತಿ ಚಕ್ರದ ಮೇಲಿನ ಭಾರ, ಮುಂದಿನ ಡಿಫರೆನ್ಷಿಯಲ್ ಅಡಿಯ ಎತ್ತರ, ಖಾಲಿ ಗಾಡಿಯಲ್ಲೂ ಪೂರ್ಣ ಭಾರದಲ್ಲೂ ಬೇರೆಬೇರೆಯಾಗಿ, ಒಂದು ಮುಂಚಕ್ರ ಪೂರ್ತಿ ಏರಿದಾಗ ಎದುರಿನ ಟೈರಿನ ಮೇಲೆ ಉಳಿಯುವ ಭಾರ. ಜಾರುವ ಚಕ್ರಕ್ಕೆ ಬ್ರೇಕ್ ಹಾಕುವ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಒಮ್ಮೆ ನಿಲ್ಲಿಸಿ, ಒಮ್ಮೆ ಚಾಲೂ ಇಟ್ಟು, ಏರುವ ಪರೀಕ್ಷೆಯನ್ನು ಎರಡು ಸಲ ಮಾಡಬೇಕು.