ಮೇಣದ ಕೊಳವೆಯಲ್ಲಿ ಹಳ್ಳಿಯ ಕಂಠ

ಬೇಲಾ ಬಾರ್ಟೋಕ್ (1881–1945), ಹಂಗೇರಿ

1904ರಲ್ಲಿ ಟ್ರಾನ್ಸಿಲ್ವೇನಿಯಾದ ಮನೆಗೆಲಸದ ಹುಡುಗಿಯೊಬ್ಬಳು ಹಾಡುತ್ತಿದ್ದ ಪದ ಯುವ ಸಂಗೀತಗಾರ ಬಾರ್ಟೋಕ್ ಅವರ ಕಿವಿಗೆ ಬಿತ್ತು. ನಗರದ ಹೋಟೆಲುಗಳಲ್ಲಿ ಜಿಪ್ಸಿ ತಂಡಗಳು ನುಡಿಸುತ್ತಿದ್ದುದೇ ಹಂಗೇರಿಯ ಜನಪದವೆಂದು ಹಲವರು ನಂಬಿದ್ದ ಕಾಲವದು. ಗೆಳೆಯ ಜೋಲ್ತಾನ್ ಕೊಡಾಯ್ ಅವರಂತೆ ಬಾರ್ಟೋಕ್ ಕೂಡ ನಿಜವಾದ ಹಳ್ಳಿಯ ಹಾಡು ಹುಡುಕುತ್ತ, ದನಿ ಮುದ್ರಿಸುವ ಎಡಿಸನ್ ಫೋನೋಗ್ರಾಫ್ ಹೊತ್ತು ಹಳ್ಳಿಗಳಿಗೆ ನಡೆದರು.

ಹಾಡುವವರು ಯಂತ್ರದ ಕಹಳೆಗೆ ಬಾಯೊಡ್ಡಬೇಕು. ದನಿಗೆ ಸೂಜಿ ಅದುರಿ, ತಿರುಗುವ ಮೇಣದ ಕೊಳವೆಯ ಮೇಲೆ ಗೀರು ಕೊರೆಯುತ್ತದೆ. ಒಂದು ಕೊಳವೆಗೆ ಕೆಲವೇ ನಿಮಿಷ. ರಾತ್ರಿಯಿಡೀ ಹಾಡಬಲ್ಲ ಅಜ್ಜಿಯಿಂದಲೂ ಒಂದೆರಡು ನುಡಿಗಳಷ್ಟೇ ಉಳಿದವು. ಆಮೇಲಿನ ಕೆಲಸ ಇನ್ನೂ ಕಠಿಣ. ವೇಗ ತಗ್ಗಿಸಿ, ಮತ್ತೆ ಮತ್ತೆ ಕೇಳಿ, ಕಂಠದ ಒಂದೊಂದು ಬಳುಕನ್ನೂ ಸ್ವರಲಿಪಿಗೆ ಇಳಿಸಬೇಕು. ಕೇಳಿದಷ್ಟೂ ಮೇಣ ಸವೆಯುತ್ತದೆ. ಅಷ್ಟು ತಾಳ್ಮೆಯ ಕಿವಿ ಅಪರೂಪ.

1907ರಲ್ಲಿ ಟ್ರಾನ್ಸಿಲ್ವೇನಿಯಾದ ಚೀಕ್ ಸೀಮೆಯಲ್ಲಿ ಐದೇ ಸ್ವರಗಳ ಹಳೆಯ ಧಾಟಿಗಳು ಸಿಕ್ಕವು. ಬಾರ್ಟೋಕ್ ತಮ್ಮ ಭಾಷೆಯವರ ಹಾಡಿಗಷ್ಟೇ ನಿಲ್ಲಲಿಲ್ಲ ಎಂಬುದು ಅವರ ನಿಜವಾದ ದೊಡ್ಡತನ. ಸ್ಲೋವಾಕ್, ರೊಮೇನಿಯನ್ ರೈತರ ಮನೆಗಳಿಗೂ ಹೋದರು. 1913ರಲ್ಲಿ ಅಲ್ಜೀರಿಯಾದ ಬಿಸ್ಕ್ರಾ, 1936ರಲ್ಲಿ ಟರ್ಕಿ. ಸ್ವದೇಶದಲ್ಲಿ ಇದಕ್ಕಾಗಿ ನಿಂದನೆಯನ್ನೂ ಕೇಳಬೇಕಾಯಿತು. ಅವರ ಸಂಗ್ರಹದ ಮೇಣದ ಕೊಳವೆಗಳು ಬುಡಾಪೆಸ್ಟಿನ ಜನಾಂಗ ವಸ್ತುಸಂಗ್ರಹಾಲಯದಲ್ಲಿವೆ.