ಬೆಂಕಿಪುರದಿಂದ ಪೇಪರ್‌ಟೌನ್‌ವರೆಗೆ

ಶಿವಮೊಗ್ಗದಿಂದ ಭದ್ರಾವತಿಯ ಬಸ್ಸು ಹತ್ತಿದವರಿಗೆ ನಡುದಾರಿಯಲ್ಲಿ ಸಿಗುವ ಊರು ಮಾಚೇನಹಳ್ಳಿ. ಹಾಲು ಒಕ್ಕೂಟದ ಡೇರಿ, ಮೀಸಲು ಪೊಲೀಸ್ ಪಡೆಯ ಆವರಣ, ಕೈಗಾರಿಕಾ ಪ್ರದೇಶದ ಶೆಡ್ಡುಗಳು ಹೆದ್ದಾರಿಯ ಆಸುಪಾಸಿನಲ್ಲೇ ಇವೆ. ಪಾಳಿ ಮುಗಿದೊಡನೆ ಇಲ್ಲಿನ ಕೆಲಸಗಾರರು ಶಿವಮೊಗ್ಗಕ್ಕೋ ಭದ್ರಾವತಿಗೋ ಹೊರಟುಬಿಡುತ್ತಾರೆ. ದುಡಿಮೆ ಒಂದೆಡೆ, ಮನೆ ಇನ್ನೊಂದೆಡೆ.

ಕೆಲವೇ ಕಿಲೋಮೀಟರ್ ಮುಂದೆ, ಭದ್ರಾ ನದಿಯ ಆಸರೆಯಲ್ಲಿ ಬೆಳೆದ ನ್ಯೂಟೌನ್ ಮತ್ತು ಪೇಪರ್‌ಟೌನ್‌ಗಳ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ಕಾರ್ಖಾನೆಯ ಜೊತೆಗೇ ಊರು ಹುಟ್ಟಿತು. ಕಾರ್ಖಾನೆ ಸೊರಗಿದಾಗ ಊರೂ ಸೊರಗಿತು.

ಕಲ್ಲಿದ್ದಲಿಲ್ಲದ ಕಬ್ಬಿಣ

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಹೊಯ್ಸಳರ ಕಾಲದ, 13ನೇ ಶತಮಾನದ ಲಕ್ಷ್ಮೀನರಸಿಂಹ ದೇವಾಲಯ ಇಂದಿಗೂ ಹಳೇನಗರದ ಹೆಗ್ಗುರುತು. ಈ ಪುಟ್ಟ ಊರಿನ ದಿಕ್ಕು ಬದಲಾದದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ. ಮೈಸೂರು ಸಂಸ್ಥಾನಕ್ಕೆ ತನ್ನದೇ ಕಬ್ಬಿಣದ ಕಾರ್ಖಾನೆ ಬೇಕೆಂಬುದು ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಹಂಬಲವಾಗಿತ್ತು. ನ್ಯೂಯಾರ್ಕಿನ ತಜ್ಞ ಸಿ.ಪಿ. ಪೆರಿನ್ ಅವರ ಸಲಹೆಯೊಂದಿಗೆ 1918ರಲ್ಲಿ ಕೆಲಸ ಆರಂಭವಾಯಿತು.

ಕಬ್ಬಿಣ ಕರಗಿಸಲು ಕಲ್ಲಿದ್ದಲು ಬೇಕು, ಅದು ಸಂಸ್ಥಾನದಲ್ಲಿರಲಿಲ್ಲ. ಆದರೆ ಮಲೆನಾಡಿನಲ್ಲಿ ಮರವಿತ್ತು. ಕಾಡಿನ ಸೌದೆಯನ್ನು ಇದ್ದಿಲಾಗಿಸಿ, ಆ ಇದ್ದಿಲಿನಿಂದಲೇ ಕುಲುಮೆ ಉರಿಸುವ ದಾರಿಯನ್ನು ಆರಿಸಿಕೊಳ್ಳಲಾಯಿತು. ಅದಿರಿಗೆ ಕೆಮ್ಮಣ್ಣುಗುಂಡಿ, ಸುಣ್ಣದಕಲ್ಲಿಗೆ ಭಂಡಿಗುಡ್ಡ, ನೀರಿಗೆ ಭದ್ರೆ. ಬೀರೂರು–ಶಿವಮೊಗ್ಗ ರೈಲು ದಾರಿ ಮೊದಲೇ ಇತ್ತು. ಇವೆಲ್ಲ ಕೈಗೆಟುಕುವ ಜಾಗವೆಂದೇ ಬೆಂಕಿಪುರಕ್ಕೆ ಭಾಗ್ಯ ಒಲಿಯಿತು.

1923ರ ಜನವರಿಯಲ್ಲಿ ಕುಲುಮೆಯಿಂದ ಕಬ್ಬಿಣ ಹರಿಯಿತು. ಮೊದಲ ವರ್ಷಗಳು ನಷ್ಟದವೇ. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರು ಅದೇ ವರ್ಷ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು, 1929ರವರೆಗೆ ಕಾರ್ಖಾನೆಯನ್ನು ಹಳಿಗೆ ತಂದರು. ವಿದೇಶಿ ತಜ್ಞರ ಜಾಗದಲ್ಲಿ ನಾಡಿನ ಎಂಜಿನಿಯರುಗಳನ್ನು ಕೂರಿಸಿದರು. ಮುಂದೆ ಕಾರ್ಖಾನೆಗೆ ಅವರದೇ ಹೆಸರು ಬಂತು.

ಪತ್ರಿಕೆಯ ಕಾಗದ

1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಕಾಗದಕ್ಕೆ ಮರದಷ್ಟೇ ಮುಖ್ಯವಾದದ್ದು ನೀರು. ಅದಕ್ಕೂ ಭದ್ರೆಯೇ ಗತಿ. 1977ರಲ್ಲಿ ಸರ್ಕಾರಿ ಕಂಪನಿಯಾದ ಇದು 1980ರ ದಶಕದಲ್ಲಿ ಪತ್ರಿಕಾ ಕಾಗದ ತಯಾರಿಕೆಗೆ ಇಳಿಯಿತು. ಬೆಳಗಿನ ಕಾಫಿಯ ಜೊತೆ ಪತ್ರಿಕೆ ಬಿಡಿಸಿದ ಎಷ್ಟೋ ಕನ್ನಡಿಗರು ತಮಗರಿವಿಲ್ಲದೆ ಭದ್ರೆಯ ನೀರಿನ ಫಲವನ್ನೇ ಕೈಯಲ್ಲಿ ಹಿಡಿದಿದ್ದರು.

ಎರಡು ಕಾರ್ಖಾನೆಗಳ ಸುತ್ತ ವಸತಿಗೃಹ, ಶಾಲೆ, ಆಸ್ಪತ್ರೆ, ಆಟದ ಮೈದಾನಗಳು ಎದ್ದವು. ಕನ್ನಡದ ಜೊತೆ ತಮಿಳು, ತೆಲುಗು, ಮಲಯಾಳ, ಉರ್ದು ಒಂದೇ ಬೀದಿಯಲ್ಲಿ ಕೇಳುವಂತಾಯಿತು. ಜನರ ಊಟ, ನಿದ್ದೆ, ಹಬ್ಬಗಳು ಪಾಳಿಯ ಲೆಕ್ಕಕ್ಕೆ ಒಗ್ಗಿದವು. 1965ರಲ್ಲಿ ಆಕಾಶವಾಣಿ ಕೇಂದ್ರವೂ ಬಂದಾಗ ಊರಿನ ಹೆಸರು ಮಲೆನಾಡಿನ ಮನೆಮನೆಗೂ ತಲುಪಿತು.

ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಇದ್ದಿಲಿಗಾಗಿ ಕಾಡು ಕರಗಿತು. ಕಾಗದದ ಮರಕ್ಕಾಗಿ ಮಲೆನಾಡಿನ ಗುಡ್ಡಗಳಲ್ಲಿ ಅಕೇಶಿಯಾ, ನೀಲಗಿರಿ ನೆಡುತೋಪುಗಳು ಹಬ್ಬಿದವು. ಅನ್ನ ಕೊಟ್ಟ ಹೊಳೆಯೇ ಕಾರ್ಖಾನೆಗಳ ಕೊಳೆ ನೀರನ್ನೂ ಹೊತ್ತಿತು.

ಆರಿದ ಒಲೆ

ಉಕ್ಕು ಕಾರ್ಖಾನೆ 1998ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಆದರೆ ಸ್ವಂತ ಗಣಿಯಿಲ್ಲದೆ, ದೊಡ್ಡ ಬಂಡವಾಳವೂ ಬಾರದೆ ಸೊರಗತೊಡಗಿತು. 2016ರಲ್ಲಿ ಖಾಸಗಿಗೆ ಮಾರುವ ತೀರ್ಮಾನವಾಗಿ, ಆ ಪ್ರಯತ್ನ 2022ರಲ್ಲಿ ಕೈಬಿಟ್ಟುಹೋಯಿತು. 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. 2024ರಲ್ಲಿ ಕೇಂದ್ರ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ಕಾರ್ಖಾನೆಗೆ ಬಂದು ಪುನಶ್ಚೇತನದ ಭರವಸೆ ನೀಡಿದರು. ಕಾಗದ ಕಾರ್ಖಾನೆಯ ಯಂತ್ರಗಳು 2015ರ ಕೊನೆಗೇ ನಿಂತಿದ್ದವು.

ಜನಗಣತಿಯ ಅಂಕಿಗಳು ಈ ಕಥೆಯನ್ನು ಚಿಕ್ಕದಾಗಿ ಹೇಳುತ್ತವೆ. 2001ರಲ್ಲಿ ಸುಮಾರು 1.60 ಲಕ್ಷವಿದ್ದ ಭದ್ರಾವತಿ ನಗರದ ಜನಸಂಖ್ಯೆ 2011ರಲ್ಲಿ ಸುಮಾರು 1.51 ಲಕ್ಷಕ್ಕೆ ಇಳಿಯಿತು. ರಾಜ್ಯದ ನಗರಗಳೆಲ್ಲ ಉಬ್ಬುತ್ತಿದ್ದ ದಶಕದಲ್ಲಿ ಇಲ್ಲಿಂದ ಮಕ್ಕಳು ಬೆಂಗಳೂರಿನ ಬಸ್ಸು ಹತ್ತಿದ್ದರು.

ಮಾಚೇನಹಳ್ಳಿಯ ಶೆಡ್ಡಿಗೆ ಬೀಗ ಬಿದ್ದರೆ ಕೆಲಸಗಾರ ಕಳೆದುಕೊಳ್ಳುವುದು ಕೆಲಸವನ್ನು. ವಸತಿಗೃಹದಲ್ಲಿ ಬದುಕಿದ ಕುಟುಂಬಕ್ಕೆ ಕೆಲಸದ ಜೊತೆ ಸೂರು, ಶಾಲೆ, ಆಸ್ಪತ್ರೆ, ನೆರೆಹೊರೆ ಎಲ್ಲದರ ಚಿಂತೆ. ಪೇಪರ್‌ಟೌನ್‌ನಲ್ಲಿ ಖಾಲಿ ಬಿದ್ದ ಮನೆಗಳ ಸುತ್ತ ಗಿಡಗಂಟಿ ಬೆಳೆದಿದೆ.

ಭದ್ರೆ ಮಾತ್ರ ತನ್ನ ಲೆಕ್ಕ ತಪ್ಪಿಸಿಲ್ಲ. ಮಳೆಗಾಲದಲ್ಲಿ ಲಕ್ಕವಳ್ಳಿಯ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ಭದ್ರಾವತಿಯ ಹೊಸ ಸೇತುವೆ ಮುಳುಗುತ್ತದೆ, ಕವಲಗುಂದಿಯ ಮನೆಗಳ ಬಾಗಿಲಿಗೆ ಹೊಳೆ ಬರುತ್ತದೆ. ಜನ ಆಗ ದಾಟುವುದು ಹಳೇ ಸೇತುವೆಯ ಮೇಲೆ.